ವಾಲ್‌ಪೇಪರ್ ಹಿಂಬದಿಯಲ್ಲಿ ಕೋಬ್ರಾ

ಹಾಲೆಂಡ್‌ನ ಆಮ್‌ಸ್ಟೆಲ್‌ವೇನ್‌ನಲ್ಲಿ ನಮ್ಮ ಮನೆಯಿಂದ ಸೈಕಲ್ ತುಳಿದರೆ ಹತ್ತು ನಿಮಿಷಕ್ಕೆ ಕೋಬ್ರಾ ಮ್ಯೂಸಿಯಂ. ಫೋನಿನಲ್ಲಿ ಹೇಳಿದ್ದಕ್ಕೆ ಅಮ್ಮ, "ಮಗೂನ ಹಾವು ನೋಡೋಕೆ ಕರ್ಕೊಂಡು ಹೋದ್ಯಾ?" ಅಂದರು. ಹಾವಲ್ಲ. ಕೋಪನ್‌ಹೇಗನ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಂ, ಈ ಮೂರು ಊರುಗಳ ಮೊದಲಕ್ಷರ ಕೂಡಿಸಿ ಕಲಾವಿದರ ಗುಂಪೊಂದು ಇಟ್ಟುಕೊಂಡ ಹೆಸರು. ಕನ್ನಡದಲ್ಲಿ ಬರೆದರೂ ಕೂಡುತ್ತೆ, ಅಲ್ವಾ?

1948ರ ನವೆಂಬರ್ 8ರಂದು ಪ್ಯಾರಿಸ್‌ನ ಕೆಫೆಯೊಂದರಲ್ಲಿ ಈ ಗುಂಪು ಕಟ್ಟಿದ ಆರು ಜನ ಒಂದು ಹಾಳೆಗೆ ಸಹಿ ಹಾಕಿದರು. ಡೆನ್ಮಾರ್ಕ್‌ನ ಚಿತ್ರಕಾರ ಯೋರ್ನ್, ಬೆಲ್ಜಿಯಂನ ಕವಿಗಳಾದ ಡೋತ್ರೆಮೋಂ ಮತ್ತು ನ್ವಾರೇ, ಹಾಲೆಂಡ್‌ನ ಚಿತ್ರಕಾರರಾದ ಆಪೆಲ್, ಕಾನ್‌ಸ್ಟಂಟ್, ಕಾರ್ನೇಯ್. ಪ್ಯಾರಿಸ್‌ನ ಸರ್ರಿಯಲಿಸ್ಟರ (ಕನಸು, ಸುಪ್ತಮನಸ್ಸುಗಳಿಂದ ಕಲೆ ಹುಟ್ಟಿಸಹೊರಟವರ) ವಾದ ಕೇಳಿ ಸಾಕಾಗಿ ಎದ್ದು ಬಂದಿದ್ದವರು. ಸಿದ್ಧಾಂತದ ಜಗಳ ಬಿಟ್ಟು ಜೊತೆಗೆ ಕೂತು ಕೆಲಸ ಮಾಡೋಣ ಅನ್ನುವುದು ಆ ಹಾಳೆಯ ತಿರುಳು. ಮುಂದಿನ ವರ್ಷ ಡೆನ್ಮಾರ್ಕ್‌ನ ಬ್ರೆಗ್ನೆರೋಡ್‌ನಲ್ಲಿ ಒಂದು ಮನೆಯ ಗೋಡೆ, ಸೂರು ಎಲ್ಲಕ್ಕೂ ಸೇರಿಕೊಂಡು ಚಿತ್ರ ಬರೆದರು. ಮಕ್ಕಳೂ ಬರೆದರು.

ಆ ಮಕ್ಕಳ ವಿಷಯ ತಲೆಯಲ್ಲಿ ಕೂತಿತು. ನನ್ನ ಆರು ವರ್ಷದ ಮಗಳ ಜೊತೆ ಮಾಡಿ ನೋಡೋಣ ಅಂದುಕೊಂಡೆ.

ಅಂಗಡಿಯಿಂದ ಉಳಿಕೆ ವಾಲ್‌ಪೇಪರ್ ತಂದು ಹಿಂಬದಿ ಮೇಲೆ ಮಾಡಿ ಅಡುಗೆಮನೆಯ ನೆಲಕ್ಕೆ ಹಾಸಿದೆ. ವಾಲ್‌ಪೇಪರ್ ಸುಮ್ನೆ ಆರಿಸಿದ್ದಲ್ಲ. 1949ರಲ್ಲಿ ಆಮ್‌ಸ್ಟರ್‌ಡ್ಯಾಂ ನಗರಸಭೆಯ ಕ್ಯಾಂಟೀನಿನಲ್ಲಿ ಆಪೆಲ್ 'ಪ್ರಶ್ನಿಸುವ ಮಕ್ಕಳು' ಅಂತ ಗೋಡೆಚಿತ್ರ ಬರೆದ. ಅದನ್ನು ನೋಡುತ್ತಾ ಊಟ ಮಾಡೋಕಾಗಲ್ಲ ಅಂತ ನೌಕರರು ಗಲಾಟೆ ಮಾಡಿ, ವಾಲ್‌ಪೇಪರ್ ಅಂಟಿಸಿ ಮುಚ್ಚಿಸಿಬಿಟ್ಟರು. ಬಣ್ಣವನ್ನು ಹಳೇ ಇಡ್ಲಿ ತಟ್ಟೆಗೆ ಸುರಿದೆ. ಅದರ ಗುಳಿಗಳಲ್ಲಿ ತೂತಿದೆ ಅನ್ನೋದು ನೆಲ ಕೆಂಪಾದ ಮೇಲೆ ನೆನಪಾಯಿತು.

ಮೊದಲ ಸಲ ಕೆಡಿಸಿದ್ದು ನಾನೇ. ಅವಳು ನಾಲ್ಕು ಕಾಲಿನ ಹಕ್ಕಿ ಬರೆದಳು. ಚೆಂದ ಕಾಣಲಿ ಅಂತ ನಾನು ಅದರ ಸುತ್ತ ಕಪ್ಪು ಗೆರೆ ಎಳೆದೆ. ಅವಳು ಬ್ರಶ್ ಕೆಳಗಿಟ್ಟು, "ಇದು ಈಗ ನಿಂದು" ಅಂದಳು.

ಮುಂದಿನ ಭಾನುವಾರ ಎದುರುಬದುರು ಕೂತೆವು. ಪೆನ್ಸಿಲ್ ಇಲ್ಲ. ಇನ್ನೊಬ್ಬರ ಗೆರೆಯನ್ನು ತಿದ್ದಬಾರದು, ಬೇಕಾದರೆ ಅದರ ಮೇಲೆ ಬೇರೆ ಏನಾದರೂ ಬಳಿಯಬಹುದು. ಡೋತ್ರೆಮೋಂ ಮತ್ತು ಯೋರ್ನ್ ಒಂದೇ ಕ್ಯಾನ್ವಾಸಿನಲ್ಲಿ ಪದ, ಬಣ್ಣ ಎರಡನ್ನೂ ಕಲಸಿದ್ದರು. ಹಾಗಾಗಿ ನಾನು ಚಿತ್ರದ ಬದಲು ಕನ್ನಡ ಅಕ್ಷರ ಬರೆದೆ. ಮಗಳು ಕನ್ನಡ ಮಾತಾಡುತ್ತಾಳೆ, ಓದಲು ಬರಲ್ಲ. ನನ್ನ 'ಠ' ಅವಳಿಗೆ ಕಣ್ಣು, ತಲೆಕಟ್ಟು ಹುಬ್ಬು. 'ಮಳೆ' ಅಂತ ಬರೆದದ್ದರಲ್ಲಿ 'ಳೆ'ಗೆ ಎರಡು ಮೀಸೆ ಇಟ್ಟು ಬಸವನಹುಳು ಮಾಡಿದಳು. ನನ್ನ ಕೈ ಎರಡು ಸಲ ತಿದ್ದೋಕೆ ಹೋಯಿತು. ಎರಡು ಸಲವೂ ಬ್ರಶ್ಶಿನಿಂದ ಮಣಿಕಟ್ಟಿಗೆ ಹೊಡೆದಳು. ಹಸಿರು ಬಣ್ಣ.

ಈಗ ಕಾರಿಡಾರಿನಲ್ಲಿ ಅಂಟಿಸಿದ್ದೇವೆ. ಯಾವ ಕಡೆ ಮೇಲೆ ಅಂತ ಇನ್ನೂ ಜಗಳ. ಸದ್ಯಕ್ಕೆ ಬಸವನಹುಳು ತಲೆಕೆಳಗಾಗಿದೆ. ಟೇಪ್ ಬಿಟ್ಟುಕೊಂಡಾಗ ತಿರುಗಿಸಿ ಅಂಟಿಸಬೇಕಂತೆ.