ಕರಾವಳೀಲಿ ಬಿರುಗಾಳಿ ಮಳೆ ಆದಾಗ ಕಪ್ಪೆಚಿಪ್ಪು ತರಬೇಡಿ

ತೀರ್ಥಹಳ್ಳಿ, ಹೊಸನಗರ ಕಡೆಯವರಿಗೆ ಒಂದು ಮಾತು. ಕುಂದಾಪುರದಿಂದ ಘಾಟಿ ಹತ್ತಿ ಬರುವ ಕಪ್ಪೆಚಿಪ್ಪು ನಮ್ಮ ಮನೆಯಲ್ಲೂ ಎಲ್ಲರಿಗೂ ಇಷ್ಟ, ಸುಕ್ಕ ಮಾಡಿದ ದಿನ ಒಂದು ರೊಟ್ಟಿ ಜಾಸ್ತಿಯೇ ಹೋಗುತ್ತದೆ. ಆದರೆ ಅಲ್ಲಿ ಜೋರು ಮಳೆ ಗಾಳಿ ಆದ ಮೇಲೆ ಎರಡು ವಾರವಾದರೂ ಬಿಟ್ಟುಬಿಡಿ. ಇವು ನೀರು ಸೋಸಿಯೇ ಬದುಕುವುದು, ದೊಡ್ಡ ಸಿಂಪಿಯೊಂದು ದಿನಕ್ಕೆ 100 ಲೀಟರ್‌ಗೂ ಜಾಸ್ತಿ ಸೋಸಬಲ್ಲದು, ಆಗ ಚರಂಡಿ, ಗದ್ದೆ ಗೊಬ್ಬರ ಎಲ್ಲ ಕೊಚ್ಚಿಕೊಂಡು ಅಳಿವೆಗೆ ಬಂದಿರುತ್ತದೆ. ಅದೆಲ್ಲ ಅದರ ಹೊಟ್ಟೆಯಲ್ಲೇ! ಅಮೆರಿಕದಲ್ಲಿ ಇಂಥ ಮಳೆ ಬಂದರೆ ಎಷ್ಟೋ ಕಡೆ ನೀರು ಸರಿಯಾಗುವವರೆಗೆ ಚಿಪ್ಪು ತೆಗೆಯುವುದನ್ನೇ ನಿಲ್ಲಿಸುತ್ತಾರೆ. ಇಲ್ಲಿ ನಾವೇ ಹುಷಾರಾಗಿರಬೇಕು, ಅಲ್ವಾ?

ಚೆನ್ನಾಗಿ ಬೇಯಿಸಿದರೆ ಆಯ್ತು ಅಂತ ನಾನೂ ಅಂದುಕೊಂಡಿದ್ದೆ. ರೋಗಾಣು ಸಾಯುತ್ತವೆ ನಿಜ, ಆದರೆ ಗೊಬ್ಬರದ ನೀರಲ್ಲಿ ಬೆಳೆಯುವ ಕೆಲವು ಪಾಚಿಗಳಲ್ಲಿ ವಿಷ ಇರುತ್ತದೆ, ಚಿಪ್ಪು ಸೋಸುವಾಗ ಒಳಗೆ ಸೇರಿದ ಆ ವಿಷ ಮಾತ್ರ ಕುದಿಸಿದರೂ ಹೋಗುವುದಿಲ್ಲ. ಬೆರಳಲ್ಲಿ ತಟ್ಟಿದಾಗ ಬಾಯಿ ಮುಚ್ಚಿಕೊಂಡರೆ ಜೀವ ಇದೆ ಅಂತ ಅಷ್ಟೇ, ಶುದ್ಧ ಅಂತಲ್ಲ. ಮುಚ್ಚದಿದ್ದರೆ ಎಸೆಯಿರಿ, ಬೆಂದ ಮೇಲೂ ಬಾಯಿ ಬಿಡದ್ದನ್ನೂ ಎಸೆಯಿರಿ. ತಿಂದ ಮೇಲೆ ತುಟಿ, ನಾಲಿಗೆ ಜುಮ್ಮೆಂದರೆ ಸುಮ್ನೆ ಕಷಾಯ ಕುಡಿಯುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.