ತಮ್ಮ ತೀರಿಕೊಂಡ ಮೇಲೆ ನನ್ನ ವಿಶ್ವಾಸವನ್ನು ಬಿಚ್ಚಿ ನೋಡಿದ್ದು

ಲಂಡನ್ ಮಿಷನ್‌ನವರು ಬೆಳಗಾವಿಯಲ್ಲಿ ಕ್ರೈಸ್ತ ಧರ್ಮಪ್ರಚಾರದ ಕೆಲಸ ಶುರು ಮಾಡಿದ್ದು 1820ರಲ್ಲಿ. 1904ರಲ್ಲಿ ಅದು ಮೆಥಡಿಸ್ಟ್ ಸಭೆಯವರ ಕೈಗೆ ಬಂತು. ನಮ್ಮ ಮನೆತನದಲ್ಲಿ ಯೇಸುವಿನ ಹೆಸರು ತಲೆಮಾರುಗಳಿಂದ ಇದೆ. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ನನಗೆ ಬಂತು. ಬಂದದ್ದರಲ್ಲಿ ಸುವಾರ್ತೆ ಎಷ್ಟು, ಊರಮಾತು ಎಷ್ಟು ಎಂದು ಕೇಳುವ ಪ್ರಸಂಗ ತಮ್ಮ ತೀರಿಕೊಳ್ಳುವವರೆಗೂ ಬಂದಿರಲಿಲ್ಲ.

ಅವನ ಕಿಡ್ನಿ ಕೈಕೊಟ್ಟಿತ್ತು. ಡಯಾಲಿಸಿಸ್ ನಡೆಯಿತು, ಉಪವಾಸ ಪ್ರಾರ್ಥನೆಯೂ ನಡೆಯಿತು. ಮಣ್ಣು ಮಾಡಿ ಬಂದ ವಾರವೇ ಪ್ರಾರ್ಥನಾ ಕೂಟದ ಹಿರಿಯರೊಬ್ಬರು, "ನಿಮ್ಮ ಮನಿಯೊಳಗ ವಿಶ್ವಾಸ ಕಮ್ಮಿ ಬಿತ್ತವಾ, ಇಲ್ಲಂದ್ರ ದೇವರು ಎಬ್ಬಸ್ತಿದ್ದ" ಅಂದರು. ಸಾವಿನಷ್ಟೇ ಈ ಮಾತೂ ನನ್ನನ್ನು ತಿಂದಿತು. ಒಳಗೊಳಗೆ ನಾನೂ ಅದನ್ನೇ ನಂಬಿಕೊಂಡಿದ್ದೆನಲ್ಲ!

ಒಂದು ನೋಟ್‌ಬುಕ್ ತಗೊಂಡೆ. ಎಡಪುಟದಲ್ಲಿ ತಲೆಯೊಳಗೆ ಓಡುವ ಮಾತು, ಓಡಿದ ಹಾಗೆಯೇ. ಪ್ರಾರ್ಥನೆಯ ಭಾಷೆ ಹಚ್ಚಿ ಚೆಂದ ಮಾಡಲಿಲ್ಲ. "ನನ್ನ ಪಾಪಕ್ಕೆ ದೇವರು ಅವನನ್ನು ಒಯ್ದ" ಎಂದೇ ಬರೆದೆ. ಅದರ ಕೆಳಗೆ, ಇದನ್ನು ಮೊದಲು ಯಾರ ಬಾಯಲ್ಲಿ ಕೇಳಿದೆ ಅನ್ನುವುದು: ಸಂಡೇ ಸ್ಕೂಲೋ, ಅವ್ವನೋ, ಟಿವಿಯ ಪ್ರಸಂಗಿಯೋ. ಬಲಪುಟದಲ್ಲಿ ಸತ್ಯವೇದ (ಬೈಬಲ್), ಅದೂ ಇಡೀ ಅಧ್ಯಾಯ. ಒಂದು ವಚನ ಕಿತ್ತು ತಂದರೆ ಯಾರು ಏನನ್ನು ಬೇಕಾದರೂ ಸಾಧಿಸಬಹುದು.

ಪಾಪದ ಮಾತು ಬೇಗ ಬಿದ್ದುಹೋಯಿತು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇದನ್ನೇ ಕೇಳಿದಾಗ, ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಯೂ ಮಾಡಲಿಲ್ಲ ಎಂದು ಯೇಸು ಹೇಳಿದ್ದಾನೆ (ಯೋಹಾನನ ಸುವಾರ್ತೆ, ಅಧ್ಯಾಯ 9). ವಿಶ್ವಾಸ ಸಾಕಷ್ಟಿದ್ದರೆ ಗುಣವಾಗಲೇಬೇಕು ಅನ್ನುವುದಕ್ಕೆ ಅಪೊಸ್ತಲ ಪೌಲನೇ ಉತ್ತರ. ಮೂರು ಸಲ ಬೇಡಿಕೊಂಡರೂ ಅವನು ಶರೀರದ ಮುಳ್ಳು ಎಂದು ಕರೆದ ಬಾಧೆ ಹೋಗಲಿಲ್ಲ. ಪೌಲನ ವಿಶ್ವಾಸ ಕಮ್ಮಿ ಬಿತ್ತು ಅನ್ನುವ ಧೈರ್ಯ ಆ ಹಿರಿಯರಿಗಿದೆಯೇ?

ನನ್ನನ್ನು ಹೆಚ್ಚು ದಿನ ಹಿಡಿದದ್ದು "ಅಳುವುದು ಅವಿಶ್ವಾಸ" ಎಂಬ ಮಾತು. ಶವಸಂಸ್ಕಾರದಲ್ಲಿ ನನ್ನ ಕೈ ಅದುಮಿ ಅದನ್ನೇ ಹೇಳಿದ್ದರು. ಯೋಹಾನ 11 ಎಷ್ಟು ಸಲ ಓದಿದೆನೋ. ಇನ್ನು ಸ್ವಲ್ಪ ಹೊತ್ತಿಗೆ ಸತ್ತ ಲಾಜರನನ್ನು ಎಬ್ಬಿಸುತ್ತೇನೆಂದು ಯೇಸುವಿಗೆ ಗೊತ್ತು. ಗೊತ್ತಿದ್ದೂ ಅತ್ತ. "ನೀನು ಇಲ್ಲಿದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲ" ಎಂದು ಅವನ ಅಕ್ಕತಂಗಿಯರಾದ ಮಾರ್ಥಳೂ ಅಂದಳು, ಮರಿಯಳೂ ಅಂದಳು. ಇಬ್ಬರಲ್ಲಿ ಯಾರನ್ನೂ ಅವನು ಗದರಲಿಲ್ಲ. ಅಂದು ರಾತ್ರಿ ನಾನೂ ಅದೇ ಮಾತನ್ನು ಜೋರಾಗಿ ಅಂದೆ. ಪ್ರಾರ್ಥನೆ ಅನ್ನುವುದಕ್ಕಿಂತ ಜಗಳ ಅನ್ನಬೇಕು. ತಿಂಗಳುಗಳ ಮೇಲೆ ಆವತ್ತು ಎದೆ ಹಗುರಾಯಿತು.

ಎಲ್ಲವೂ ಬಿದ್ದುಹೋಗಲಿಲ್ಲ. ಸತ್ತವರು ಮತ್ತೆ ಎದ್ದು ಬರುತ್ತಾರೆಂಬ ಪುನರುತ್ಥಾನದ ನಂಬಿಕೆ ನಿಂತಿತು. ದುಃಖಪಡಬೇಡಿ ಎಂದು ಪೌಲ ಥೆಸಲೊನೀಕದ ಸಭೆಯವರಿಗೆ ಬರೆದ ಪತ್ರ ತೋರಿಸುತ್ತಾರೆ, ಆದರೆ ಅಲ್ಲಿರುವುದು ನಿರೀಕ್ಷೆಯಿಲ್ಲದವರ ಹಾಗೆ ದುಃಖಪಡಬೇಡಿ ಎಂದು. ಅರ್ಧ ವಚನ ಓದಿದರೆ ಹೀಗೆ ಆಗುತ್ತದೆ.

ನಿದ್ದೆ ಮಾತ್ರ ನೋಟ್‌ಬುಕ್ಕಿನಿಂದ ಬರಲಿಲ್ಲ. ಡಾಕ್ಟರ ಹತ್ತಿರ ಹೋದೆ, ಮಾತ್ರೆ ತಗೊಂಡೆ. ಸಾಯಬೇಕೆಂದು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು. ಉಪದೇಶ ಅಲ್ಲ. ಶಹಾಪುರದ ನಮ್ಮ ಪಕ್ಕದ ಮನೆಯ ಮರಾಠಾ ಬಾಯಿಗೆ ಎಲೀಯ ಯಾರೆಂದೇ ಗೊತ್ತಿಲ್ಲ. ಆದರೆ ದಿನಾ ಸಂಜೆ ಭಾಕರಿ, ಝುಣಕ ತಂದಿಟ್ಟು, ನಾನು ತಿನ್ನುವ ತನಕ ಸುಮ್ಮನೆ ಕೂರುತ್ತಿದ್ದಳು. ಬೈಬಲಿನಲ್ಲಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರೂ ಮೊದಲ ಏಳು ದಿನ ಹಾಗೆಯೇ ಕೂತಿದ್ದರು. ಕೆಟ್ಟದ್ದು ಅವರು ಬಾಯಿ ತೆರೆದ ಮೇಲೆ.

ಹಿರಿಯರನ್ನು ಕ್ಷಮಿಸಿದ್ದೇನೆ. ಆದರೆ ಅವರ ಮನೆಯ ಕೂಟಕ್ಕೆ ಇನ್ನೂ ಹೋಗುವುದಿಲ್ಲ. ಮೊನ್ನೆ ಸಭೆಯಲ್ಲಿ ದೇವರು ಮಾಡಿದ್ದರ ಸಾಕ್ಷಿ ಹೇಳು ಅಂದಾಗ ಬೈಬಲಿನ 88ನೇ ಕೀರ್ತನೆ ಓದಿದೆ. ಅದು ಕತ್ತಲಲ್ಲೇ ಮುಗಿಯುತ್ತದೆ. ಕೊನೆಗೊಂದು ಸ್ತೋತ್ರದ ವಚನ ಸೇರಿಸಬೇಕಿತ್ತು ಎಂದು ಒಬ್ಬರು ಆಮೇಲೆ ಹೇಳಿದರು. "ಬರೆದವನೇ ಸೇರಿಸಿಲ್ಲ, ನಾನ್ಯಾಕ ಸೇರಿಸ್ಲಿ?" ಅಂದೆ.