ಇಂಗ್ಲಿಷ್ ಬರಹದಲ್ಲಿ ಅಂಕಿಯೋ, ಅಕ್ಷರವೋ?

ಇಂಗ್ಲಿಷ್‌ನಲ್ಲಿ ಬರೆಯುವಾಗ ಸಂಖ್ಯೆಯನ್ನು ಅಂಕಿಯಲ್ಲಿ ಬರೆಯಬೇಕಾ, ಅಕ್ಷರದಲ್ಲಾ ಅನ್ನೋ ಗೊಂದಲ ತುಂಬಾ ಜನರಿಗಿದೆ. ಇದಕ್ಕೆ ಒಂದೇ ನಿಯಮ ಇಲ್ಲ. ಸುದ್ದಿಗಳಲ್ಲಿ ಬಳಸುವ ಅಸೋಸಿಯೇಟೆಡ್ ಪ್ರೆಸ್ ಪದ್ಧತಿಯಲ್ಲಿ ಒಂದರಿಂದ ಒಂಬತ್ತರವರೆಗೆ ಅಕ್ಷರ, 10ರಿಂದ ಅಂಕಿ. ಆದರೆ ವಯಸ್ಸು ಎಷ್ಟೇ ಚಿಕ್ಕದಿದ್ದರೂ ಅಂಕಿಯಲ್ಲೇ. ಪುಸ್ತಕಗಳಲ್ಲಿ ಜಾಸ್ತಿ ಕಾಣುವ ಶಿಕಾಗೊ ಪದ್ಧತಿಯಲ್ಲಿ ನೂರರವರೆಗೂ ಅಕ್ಷರವೇ. ಯಾವುದನ್ನಾದರೂ ಹಿಡಿಯಿರಿ, ಒಂದೇ ಬರಹದಲ್ಲಿ ಎರಡನ್ನೂ ದಯವಿಟ್ಟು ಬೆರೆಸಬೇಡಿ.

ವಾಕ್ಯದ ಮೊದಲಲ್ಲಿ ಅಂಕಿ ಬೇಡ. ಅಲ್ಲಿ ದೊಡ್ಡ ಸಂಖ್ಯೆ ಬಂದರೆ ಸುಮ್ನೆ ಅಕ್ಷರದಲ್ಲಿ ಉದ್ದಕ್ಕೆ ಬರೆಯುವ ಬದಲು ವಾಕ್ಯವನ್ನೇ ತಿರುಗಿಸಿ. ಓದೋಕೂ ಹಗುರ, ಅಲ್ವಾ?

ಟ್ವೆಂಟಿ-ಒನ್ ತರಹದ ಜೋಡಿ ಸಂಖ್ಯೆಗಳ ನಡುವೆ ಹೈಫನ್ ಬೇಕು. 1990ರ ದಶಕ ಅನ್ನೋಕೆ 1990ರ ಪಕ್ಕ ಬರೀ ಎಸ್ ಸಾಕು, ಅಪಾಸ್ಟ್ರಫಿ ಬೇಡ.